ಗರ್ಭಕೋಶದ ಶಸ್ತ್ರಚಿಕಿತ್ಸೆ: ಅಪಾಯ ಏರುವುದು ಮನೆಗೆ ಬಂದ ಮೇಲೆ

ಗರ್ಭಕೋಶ ತೆಗೆಸಿಕೊಂಡ ಹೆಣ್ಣುಮಗಳು ಕೆಲವು ದಿನಗಳಲ್ಲಿ ಮನೆಗೆ ಬರುತ್ತಾಳೆ. ಆಮೇಲೆ ಒಂದು ದಿನ ಹೊಲಿಗೆ ಬಿಚ್ಚುತ್ತಾರೆ. ಗಾಯ ಒಣಗಿತು, ಇನ್ನು ಭಯವಿಲ್ಲ ಎಂದು ಮನೆಯವರು ನಿರಾಳರಾಗುತ್ತಾರೆ. ಆದರೆ ಕಾಲಿನ ಅಥವಾ ಕಿಬ್ಬೊಟ್ಟೆಯ ಆಳದ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಆ ಹೊತ್ತಿಗೆ ಇಳಿದಿರುವುದಿಲ್ಲ. ಅದು ಇನ್ನೂ ಏರುತ್ತಿರುತ್ತದೆ.

ಇದನ್ನು ಅಂಕಿ ಅಂಶಗಳೊಂದಿಗೆ ತೋರಿಸಿಕೊಟ್ಟದ್ದು ಬ್ರಿಟನ್ನಿನ 'ಮಿಲಿಯನ್ ವಿಮೆನ್ ಸ್ಟಡಿ'. ಸುಮಾರು 9.47 ಲಕ್ಷ ಮಧ್ಯವಯಸ್ಸಿನ ಮಹಿಳೆಯರ ದಾಖಲೆಗಳನ್ನು ಪರಿಶೀಲಿಸಿದ ಈ ಅಧ್ಯಯನದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯಲ್ಲಿ ಉಳಿದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ 140ಕ್ಕೆ ಒಬ್ಬರು ಮುಂದಿನ 12 ವಾರಗಳೊಳಗೆ ರಕ್ತದ ಹೆಪ್ಪಿನ ಕಾರಣಕ್ಕೆ ಮತ್ತೆ ಆಸ್ಪತ್ರೆ ಸೇರಿದ್ದರು. ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಆದವರಲ್ಲಿ ಈ ಪ್ರಮಾಣ 85ಕ್ಕೆ ಒಬ್ಬರು. ಯಾವ ಶಸ್ತ್ರಚಿಕಿತ್ಸೆಯೂ ಆಗದ ಮಹಿಳೆಯರಲ್ಲಿ ಅಷ್ಟೇ ಅವಧಿಯಲ್ಲಿ 6,200ಕ್ಕೆ ಒಬ್ಬರು. ಇವು ಎಲ್ಲ ಬಗೆಯ ಶಸ್ತ್ರಚಿಕಿತ್ಸೆಗಳನ್ನೂ ಒಟ್ಟು ಸೇರಿಸಿದ ಸರಾಸರಿಗಳು, ಗರ್ಭಕೋಶಕ್ಕೆ ಮಾತ್ರ ಸೇರಿದವಲ್ಲ. ಆದರೂ ಅದರಲ್ಲಿ ಕಂಡುಬಂದ ಕಾಲದ ಲೆಕ್ಕ ಎಲ್ಲರೂ ಗಮನಿಸಬೇಕಾದದ್ದು. ಅಪಾಯ ತುತ್ತತುದಿ ಮುಟ್ಟಿದ್ದು ಮೂರನೆಯ ವಾರದಲ್ಲಿ. ಆಗ ರೋಗಿ ವೈದ್ಯರ ಕಣ್ಣಳತೆಯಲ್ಲಿ ಇರುವುದಿಲ್ಲ.

ನಮ್ಮ ಆಸ್ಪತ್ರೆಗಳಲ್ಲಿ ಹೆಪ್ಪು ತಡೆಯುವ ಪ್ರಯತ್ನ ನಡೆದರೂ ಅದು ಬಹಳಷ್ಟು ಸಲ ಬಿಡುಗಡೆಯ ಚೀಟಿಯೊಂದಿಗೆ ಮುಗಿದುಹೋಗುತ್ತದೆ. ಯಾರಿಗೆ ಎಷ್ಟು ದಿನ ತಡೆ ಬೇಕು ಎಂಬುದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಲೆಕ್ಕ ಹಾಕಿ, ಬರೆದಿಟ್ಟು, ಅದನ್ನು ರೋಗಿಯ ಮನೆಯವರೆಗೂ ತಲುಪಿಸುವ ವ್ಯವಸ್ಥೆ ಇಲ್ಲದಿರುವುದೇ ಇಂದಿನ ದೊಡ್ಡ ಕೊರತೆ ಎಂಬುದು ನನ್ನ ಖಚಿತ ಅಭಿಪ್ರಾಯ. ಔಷಧಗಳು ಇವೆ, ತಿಳಿವಳಿಕೆಯೂ ಇದೆ.

ರಕ್ತ ಯಾಕೆ ಹೆಪ್ಪುಗಟ್ಟುತ್ತದೆ ಎಂಬುದಕ್ಕೆ ವೈದ್ಯರು ಇಂದಿಗೂ ನೆನೆಯುವುದು ಜರ್ಮನಿಯ ವೈದ್ಯವಿಜ್ಞಾನಿ ರುಡಾಲ್ಫ್ ವಿರ್ಖೋ ಅವರ ಹೆಸರನ್ನು. (ಅವರು ಹುಟ್ಟಿದ ಅಕ್ಟೋಬರ್ 13 ಈಗ ವಿಶ್ವ ಥ್ರಾಂಬೋಸಿಸ್ ದಿನ. ಥ್ರಾಂಬೋಸಿಸ್ ಎಂದರೆ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟುವುದು.) ರಕ್ತದ ಹರಿವು ನಿಧಾನವಾಗುವುದು, ರಕ್ತನಾಳದ ಒಳಗೋಡೆಗೆ ಪೆಟ್ಟಾಗುವುದು, ರಕ್ತಕ್ಕೇ ಹೆಪ್ಪುಗಟ್ಟುವ ಗುಣ ಹೆಚ್ಚುವುದು ಇವೇ ಮೂರು ಕಾರಣಗಳು. ಸ್ತ್ರೀರೋಗ ಶಸ್ತ್ರಚಿಕಿತ್ಸೆಯಲ್ಲಿ ಮೂರೂ ಒಟ್ಟಿಗೆ ಬರುತ್ತವೆ. ಕಾಲುಗಳನ್ನು ಮೇಲೆತ್ತಿ ಕಟ್ಟಿ ಗಂಟೆಗಟ್ಟಲೆ ಮಲಗಿಸಿರುತ್ತಾರೆ. ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೊಸ್ಕೋಪಿಯಾದರೆ ಹೊಟ್ಟೆಗೆ ತುಂಬಿದ ಅನಿಲ ದೊಡ್ಡ ಅಭಿಧಮನಿಗಳನ್ನು ಅದುಮುತ್ತದೆ. ಗರ್ಭಕೋಶದಲ್ಲಿ ದೊಡ್ಡ ಫೈಬ್ರಾಯ್ಡ್ ಗಡ್ಡೆ ಇದ್ದವರಲ್ಲಿ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಆ ಗಡ್ಡೆ ಕಿಬ್ಬೊಟ್ಟೆಯ ಅಭಿಧಮನಿಗಳ ಮೇಲೆ ಭಾರ ಹಾಕಿರುತ್ತದೆ. ಗಾಯ ಮಾಯಲೆಂದು ದೇಹ ತಾನಾಗಿಯೇ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಹೀಗೆ ಕಟ್ಟಿಕೊಂಡ ಹೆಪ್ಪು ಅಲ್ಲೇ ಕರಗಿದರೆ ಸರಿ. ಕಳಚಿಕೊಂಡು ಹೃದಯದ ಮೂಲಕ ಶ್ವಾಸಕೋಶದ ರಕ್ತನಾಳಕ್ಕೆ ಸಿಕ್ಕಿಕೊಂಡರೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗಬಹುದು.

ಭಾರತೀಯರಲ್ಲಿ ಇದು ಅಪರೂಪ ಎಂಬ ನಂಬಿಕೆ ವೈದ್ಯರ ನಡುವೆಯೇ ದಶಕಗಳ ಕಾಲ ಉಳಿದುಬಂದಿತ್ತು. ಅದಕ್ಕೆ ಸ್ವಲ್ಪ ಆಧಾರವೂ ಇತ್ತು. ಯುರೋಪಿನವರಲ್ಲಿ ಸಾಮಾನ್ಯವಾಗಿರುವ 'ಫ್ಯಾಕ್ಟರ್ ಫೈವ್ ಲೈಡನ್' ಎಂಬ ಆನುವಂಶಿಕ ದೋಷ ಏಷ್ಯಾದವರಲ್ಲಿ ಕಡಿಮೆ. ಆದರೆ ಏಷ್ಯಾದ ಹಲವು ದೇಶಗಳ ಆಸ್ಪತ್ರೆಗಳಲ್ಲಿ ಸೊಂಟ ಮತ್ತು ಮಂಡಿಯ ದೊಡ್ಡ ಶಸ್ತ್ರಚಿಕಿತ್ಸೆ ಆದ, ಯಾವ ತಡೆ ಔಷಧವನ್ನೂ ಪಡೆಯದ ರೋಗಿಗಳ ಕಾಲುಗಳನ್ನು ಪರೀಕ್ಷಿಸಿದಾಗ 41 ಪ್ರತಿಶತ ಜನರಲ್ಲಿ ಹೆಪ್ಪು ಕಂಡಿತು. 2005ರಲ್ಲಿ ಪ್ರಕಟವಾದ ಈ ಫಲಿತಾಂಶ ಪಾಶ್ಚಾತ್ಯ ದೇಶಗಳ ಅಂಕಿಗಳಿಗಿಂತ ಬೇರೆಯಾಗಿರಲಿಲ್ಲ. ಹುಡುಕದಿದ್ದರೆ ಕಾಣದ ಕಾಯಿಲೆ ಇದು. ಮನೆಯಲ್ಲಿ ಹಠಾತ್ತನೆ ತೀರಿಕೊಂಡವರನ್ನು ಹೃದಯಾಘಾತವಾಯಿತು ಎಂದು ಬರೆದು ಮುಗಿಸುವ ಕಡೆ, ಮರಣೋತ್ತರ ಪರೀಕ್ಷೆ ಮಾಡಿಸದ ಕಡೆ, ಇದು ಲೆಕ್ಕಕ್ಕೇ ಬರುವುದಿಲ್ಲ.

ತಡೆಯುವ ವಿಧಾನಕ್ಕೆ ಐವತ್ತು ವರ್ಷಗಳ ಇತಿಹಾಸವಿದೆ, ಅದರಲ್ಲಿ ನಮ್ಮವರೊಬ್ಬರ ಪಾಲು ದೊಡ್ಡದು. ಭಾರತದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಶಸ್ತ್ರವೈದ್ಯರಾಗಿದ್ದ ವಿಜಯ್ ಕಕ್ಕರ್ ಅವರ ನೇತೃತ್ವದ ಅಂತರರಾಷ್ಟ್ರೀಯ ಪ್ರಯೋಗ 1975ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. 4,121 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಶಸ್ತ್ರಚಿಕಿತ್ಸೆಗೆ ಎರಡು ಗಂಟೆ ಮುಂಚೆ ಹೆಪ್ಪು ತಡೆಯುವ ಹೆಪಾರಿನ್ ಔಷಧವನ್ನು 5,000 ಯೂನಿಟ್ ಕೊಟ್ಟು, ನಂತರ ಎಂಟು ಗಂಟೆಗೊಮ್ಮೆ ಏಳು ದಿನ ಮುಂದುವರಿಸಿದರು. ಹೆಪಾರಿನ್ ಪಡೆಯದ ಗುಂಪಿನಲ್ಲಿ 16 ಮಂದಿ ಶ್ವಾಸಕೋಶಕ್ಕೆ ಹೆಪ್ಪು ಸಿಕ್ಕಿಕೊಂಡು ಸತ್ತರು, ಪಡೆದ ಗುಂಪಿನಲ್ಲಿ ಇಬ್ಬರು. ಕಕ್ಕರ್ ಕಟ್ಟಿದ ಥ್ರಾಂಬೋಸಿಸ್ ಸಂಶೋಧನಾ ಸಂಸ್ಥೆಯ ಶಾಖೆಯೊಂದು ಮುಂದೆ ಬೆಂಗಳೂರಿನಲ್ಲೇ ಆರಂಭವಾಯಿತು. ಇಷ್ಟಿದ್ದೂ 'ಎಂಡೋರ್ಸ್' ಎಂಬ ಜಾಗತಿಕ ಸಮೀಕ್ಷೆಯ ಭಾರತದ ಭಾಗದಲ್ಲಿ ಕಂಡದ್ದೇನು? ಹತ್ತು ಆಸ್ಪತ್ರೆಗಳಲ್ಲಿ ದಾಖಲಾಗಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹೆಪ್ಪಿನ ಅಪಾಯವಿತ್ತು. ಆ ಅಪಾಯದಲ್ಲಿದ್ದವರಲ್ಲಿ ಶಿಫಾರಸು ಮಾಡಿದ ತಡೆ ಸಿಕ್ಕಿದ್ದು ಸುಮಾರು 17 ಪ್ರತಿಶತ ಜನರಿಗೆ ಮಾತ್ರ. ಶಸ್ತ್ರಚಿಕಿತ್ಸೆಯ ರೋಗಿಗಳನ್ನಷ್ಟೇ ತೆಗೆದುಕೊಂಡರೆ ಜಾಗತಿಕ ಪ್ರಮಾಣ 58 ಪ್ರತಿಶತದಷ್ಟಿತ್ತು. ಆ ಸಮೀಕ್ಷೆ ನಡೆದು ಬಹಳ ವರ್ಷಗಳಾಗಿವೆ, ದೊಡ್ಡ ನಗರಗಳ ದೊಡ್ಡ ಆಸ್ಪತ್ರೆಗಳಲ್ಲಿ ಪರಿಸ್ಥಿತಿ ಸುಧಾರಿಸಿದೆ. ಗರ್ಭಕೋಶದ ಶಸ್ತ್ರಚಿಕಿತ್ಸೆಗಳು ಅಪಾರ ಸಂಖ್ಯೆಯಲ್ಲಿ ನಡೆಯುವುದು ತಾಲ್ಲೂಕು ಕೇಂದ್ರಗಳ ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಎಂಬುದನ್ನೂ ಮರೆಯಬಾರದು.

ಅಂಕ ಹಾಕುವ ಕ್ರಮ

ಎಲ್ಲರಿಗೂ ಇಂಜೆಕ್ಷನ್ ಕೊಟ್ಟುಬಿಟ್ಟರೆ ಆಯಿತಲ್ಲ ಎನ್ನುವಂತಿಲ್ಲ. ಹೆಪ್ಪು ತಡೆಯುವ ಔಷಧ ರಕ್ತಸ್ರಾವ ಹೆಚ್ಚಿಸುತ್ತದೆ. ಅಮೆರಿಕದ ದೊಡ್ಡ ದತ್ತಾಂಶವೊಂದರ ಪ್ರಕಾರ, ಕ್ಯಾನ್ಸರ್ ಅಲ್ಲದ ಕಾರಣಕ್ಕೆ ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದವರಲ್ಲಿ ಹೆಪ್ಪಿನ ಪ್ರಮಾಣ 0.6 ಪ್ರತಿಶತ. ಲ್ಯಾಪರೊಸ್ಕೋಪಿಯಂತಹ ಕಿರುಗಾಯದ ವಿಧಾನದಲ್ಲಿ 0.2 ಪ್ರತಿಶತ. ಇಷ್ಟು ಕಡಿಮೆ ಅಪಾಯವಿರುವ ಆರೋಗ್ಯವಂತ ಮಹಿಳೆಗೆ ಔಷಧದಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚಾಗಬಹುದು. ಆದ್ದರಿಂದಲೇ ಒಬ್ಬೊಬ್ಬರ ಅಪಾಯವನ್ನೂ ಬೇರೆಬೇರೆಯಾಗಿ ಅಳೆಯಬೇಕು.

ಅದಕ್ಕೆ ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ಶಸ್ತ್ರವೈದ್ಯ ಜೋಸೆಫ್ ಕಪ್ರಿನಿ ರೂಪಿಸಿದ ಅಂಕಪಟ್ಟಿ. ವಯಸ್ಸು 41ರಿಂದ 60 ಆಗಿದ್ದರೆ 1 ಅಂಕ, 61ರಿಂದ 74ಕ್ಕೆ 2, 75 ದಾಟಿದರೆ 3. ಶಸ್ತ್ರಚಿಕಿತ್ಸೆ 45 ನಿಮಿಷ ಮೀರಿದರೆ 2. ಕ್ಯಾನ್ಸರ್ ಇದ್ದರೆ 2. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 25 ದಾಟಿದರೆ, ಕಾಲಿನಲ್ಲಿ ಉಬ್ಬಿದ ನರಗಳಿದ್ದರೆ, ಹಾರ್ಮೋನ್ ಮಾತ್ರೆ ಸೇವಿಸುತ್ತಿದ್ದರೆ ಒಂದೊಂದು. ಹಿಂದೆ ಹೆಪ್ಪುಗಟ್ಟಿದ್ದರೆ ಅಥವಾ ಒಡಹುಟ್ಟಿದವರಿಗೆ, ಹೆತ್ತವರಿಗೆ ಆಗಿದ್ದರೆ ಮೂರು ಮೂರು. ಒಟ್ಟು 5 ಮುಟ್ಟಿದರೆ ಅದು ಹೆಚ್ಚಿನ ಅಪಾಯ.

ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ವಯಸ್ಸು 52, ಬಿಎಂಐ 29, ವರ್ಷಗಟ್ಟಲೆ ನಿಂತು ಕೆಲಸ ಮಾಡಿ ಕಾಲಿನ ನರಗಳು ಉಬ್ಬಿವೆ. ಫೈಬ್ರಾಯ್ಡ್‌ನ ರಕ್ತಸ್ರಾವ ನಿಲ್ಲಿಸಲು ಒಂದು ತಿಂಗಳಿನಿಂದ ಹಾರ್ಮೋನ್ ಮಾತ್ರೆ ನುಂಗುತ್ತಿದ್ದಾರೆ. ಹೊಟ್ಟೆ ಕೊಯ್ದು ಎರಡು ಗಂಟೆಯ ಶಸ್ತ್ರಚಿಕಿತ್ಸೆ. ಒಂದು, ಒಂದು, ಒಂದು, ಒಂದು, ಮೇಲೆ ಎರಡು: ಒಟ್ಟು 6. ಆಸ್ಪತ್ರೆಗೆ ತಾವೇ ನಡೆದು ಬಂದ, ಸಕ್ಕರೆ ಕಾಯಿಲೆಯಾಗಲಿ ಹೃದ್ರೋಗವಾಗಲಿ ಇಲ್ಲದ ಈ ತಾಯಿಯನ್ನು ನೋಡಿ ಯಾರೂ ಹೆಚ್ಚಿನ ಅಪಾಯದ ರೋಗಿ ಎಂದು ಅಂದಾಜು ಮಾಡುವುದಿಲ್ಲ. ಇನ್ನೊಂದೆಡೆ 38 ವರ್ಷದ, ತೆಳ್ಳಗಿನ, ಅಂಡಾಶಯದ ನೀರುಗುಳ್ಳೆಗೆ ಲ್ಯಾಪರೊಸ್ಕೋಪಿ ಮಾಡಿಸಿಕೊಳ್ಳುವ ಮಹಿಳೆಯ ಅಂಕ 2. ಅವರಿಗೆ ಕಾಲಿಗೆ ಹಾಕುವ ಒತ್ತಡದ ಯಂತ್ರ ಮತ್ತು ಬೇಗ ಎದ್ದು ನಡೆದಾಡುವುದು ಸಾಕು.

ಹಾರ್ಮೋನ್ ಮಾತ್ರೆಯ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ವೈದ್ಯರು ಕೇಳುತ್ತಾರೆ. ಇಲ್ಲ ಎಂದು ರೋಗಿ ಪ್ರಾಮಾಣಿಕವಾಗಿಯೇ ಉತ್ತರಿಸುತ್ತಾರೆ. ಮನೆಯಲ್ಲಿ ಮದುವೆ, ಊರಿನಲ್ಲಿ ಜಾತ್ರೆ, ವರಮಹಾಲಕ್ಷ್ಮಿ ಪೂಜೆ ಎಂದು ಮುಟ್ಟು ಮುಂದೂಡಲು ಔಷಧದ ಅಂಗಡಿಯಿಂದ ತಂದ ಮಾತ್ರೆ ಅವರ ಲೆಕ್ಕದಲ್ಲಿ ಗರ್ಭನಿರೋಧಕವಲ್ಲ. ಆ ಮಾತ್ರೆಯಲ್ಲಿರುವ ನೊರೆಥಿಸ್ಟೆರೋನ್ ದೇಹದಲ್ಲಿ ಭಾಗಶಃ ಎಥಿನೈಲ್ ಈಸ್ಟ್ರಡಯಾಲ್ ಆಗಿ ಬದಲಾಗುತ್ತದೆ. ಗರ್ಭನಿರೋಧಕ ಮಾತ್ರೆಗಳಲ್ಲಿ ಹೆಪ್ಪಿನ ಅಪಾಯ ತರುವುದು ಇದೇ ಈಸ್ಟ್ರೋಜನ್. ಆದ್ದರಿಂದ ಪ್ರಶ್ನೆಯನ್ನೇ ಬದಲಿಸಿ, ಕಳೆದ ಒಂದು ತಿಂಗಳಲ್ಲಿ ಮುಟ್ಟು ನಿಲ್ಲಿಸಲು ಅಥವಾ ಮುಂದೂಡಲು ಯಾವುದಾದರೂ ಮಾತ್ರೆ ತೆಗೆದುಕೊಂಡಿದ್ದೀರಾ ಎಂದೇ ಕೇಳಬೇಕು.

ಕಪ್ರಿನಿ ಪಟ್ಟಿಗೂ ಮಿತಿಗಳಿವೆ. ಸ್ತ್ರೀರೋಗ ಕ್ಯಾನ್ಸರ್‌ನ ರೋಗಿಗಳು ಬಹುತೇಕ ಎಲ್ಲರೂ 5ರ ಗೆರೆ ದಾಟಿಬಿಡುವುದರಿಂದ ಅವರೊಳಗೆ ಯಾರಿಗೆ ಅಪಾಯ ಇನ್ನೂ ಹೆಚ್ಚು ಎಂಬುದನ್ನು ಅದು ಚೆನ್ನಾಗಿ ಬಿಡಿಸಿ ಹೇಳಲಾರದು. ಆದರೂ ಒಂದು ಹಾಳೆ, ಐದು ನಿಮಿಷ ಸಾಕಾಗುವ ಈ ಲೆಕ್ಕವನ್ನು ಹಾಕದೇ ಬಿಡುವುದಕ್ಕೆ ಆ ಮಿತಿ ನೆಪವಾಗಬಾರದು.

ಗಡಿಯಾರ ನೋಡಿ ಕೊಡುವ ಔಷಧ

ಇಂದು ಹೆಚ್ಚಾಗಿ ಬಳಸುವುದು ಹೆಪಾರಿನ್‌ನ ಸುಧಾರಿತ ರೂಪವಾದ ಎನಾಕ್ಸಪರಿನ್. ಮೂತ್ರಪಿಂಡ ಸರಿಯಿರುವ ಸಾಮಾನ್ಯ ತೂಕದವರಿಗೆ ದಿನಕ್ಕೊಮ್ಮೆ 40 ಮಿಲಿಗ್ರಾಂ, ಹೊಟ್ಟೆಯ ಚರ್ಮದ ಕೆಳಗೆ. ಹಳೆಯ ಹೆಪಾರಿನ್ ಅಗ್ಗ, ಮೂತ್ರಪಿಂಡದ ತೊಂದರೆ ಇರುವವರಿಗೆ ಅದೇ ಸುರಕ್ಷಿತ. ಎರಡನ್ನೂ ಹಂದಿಯ ಕರುಳಿನಿಂದ ತಯಾರಿಸುತ್ತಾರೆ. ಧಾರ್ಮಿಕ ನಂಬಿಕೆಯ ಅಥವಾ ಆಹಾರಪದ್ಧತಿಯ ಕಾರಣಕ್ಕೆ ಇದು ಮುಖ್ಯವಾಗುವ ಕುಟುಂಬಗಳಿಗೆ ಮೊದಲೇ ತಿಳಿಸಬೇಕಾದದ್ದು ವೈದ್ಯರ ಕರ್ತವ್ಯ. ಫಾಂಡಪರಿನಕ್ಸ್ ಎಂಬ ಪೂರ್ತಿ ಕೃತಕ ಔಷಧದ ಆಯ್ಕೆಯೂ ಇದೆ.

ನಮ್ಮಲ್ಲಿ ಗರ್ಭಕೋಶದ ಶಸ್ತ್ರಚಿಕಿತ್ಸೆಗಳನ್ನು ಬೆನ್ನಿಗೆ ಚುಚ್ಚಿ ಕೊಡುವ ಅರಿವಳಿಕೆಯಲ್ಲಿ ಮಾಡುವುದು ಸಾಮಾನ್ಯ. ಎನಾಕ್ಸಪರಿನ್ ಕೊಟ್ಟ ಕೂಡಲೇ ಬೆನ್ನಿಗೆ ಸೂಜಿ ಚುಚ್ಚಿದರೆ ಬೆನ್ನುಹುರಿಯ ಸುತ್ತ ರಕ್ತ ಸೋರಿ ಕಾಲುಗಳ ಬಲವೇ ಹೋಗುವ ಅಪಾಯವಿದೆ, ಅಪರೂಪವಾದರೂ ಭಯಂಕರವಾದ ಅಪಾಯ. ಅದಕ್ಕೆಂದೇ ತಡೆ ಪ್ರಮಾಣದ ಡೋಸ್ ಮತ್ತು ಸೂಜಿಯ ನಡುವೆ ಕನಿಷ್ಠ 12 ಗಂಟೆ ಬಿಡುತ್ತಾರೆ. ಸೂಜಿ ಚುಚ್ಚಿದ ಮೇಲೆ ದಿನಕ್ಕೊಂದರ ಕ್ರಮದ ಮೊದಲ ಡೋಸ್‌ಗೂ 12 ಗಂಟೆ ಕಾಯುತ್ತಾರೆ. ಮಂಗಳವಾರ ಬೆಳಿಗ್ಗೆ 8ಕ್ಕೆ ಅರಿವಳಿಕೆ ಕೊಟ್ಟರೆ ಮೊದಲ ಇಂಜೆಕ್ಷನ್ ರಾತ್ರಿ 8ರ ನಂತರವೇ. ಶಸ್ತ್ರವೈದ್ಯರು ಮನೆಗೆ ಹೋಗಿರುತ್ತಾರೆ, ದಾದಿಯರ ಪಾಳಿ ಬದಲಾಗಿರುತ್ತದೆ. ಕೇಸ್ ಶೀಟಿನಲ್ಲಿ ಗಂಟೆಯ ಸಮೇತ ಬರೆದಿಡದಿದ್ದರೆ ಆ ಡೋಸ್ ತಪ್ಪಿಹೋಗುವುದು ಖಂಡಿತ. ತಡೆ ವಿಫಲವಾಗುವುದು ಬಹಳಷ್ಟು ಸಲ ಇಂತಹ ಸಣ್ಣ ಲೋಪದಿಂದ.

ಕಾಲಿಗೆ ಬಿಗಿಯಾದ ಉದ್ದನೆಯ ಕಾಲುಚೀಲ ಹಾಕಿಸಿದರೆ ಸಾಕು ಎಂಬ ತೃಪ್ತಿಯೂ ಕೆಲವೆಡೆ ಇದೆ. ಬ್ರಿಟನ್ನಿನಲ್ಲಿ 1,900ರಷ್ಟು ಶಸ್ತ್ರಚಿಕಿತ್ಸಾ ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ 'ಗ್ಯಾಪ್ಸ್' ಪ್ರಯೋಗದಲ್ಲಿ, ಇಂಜೆಕ್ಷನ್ ಪಡೆಯುತ್ತಿರುವವರಿಗೆ ಕಾಲುಚೀಲದಿಂದ ಹೆಚ್ಚುವರಿ ಲಾಭವೇನೂ ಕಾಣಲಿಲ್ಲ. ಅಳತೆ ನೋಡದೆ ಅಂಗಡಿಯಿಂದ ತಂದ ಚೀಲ ಮಂಡಿಯ ಬಳಿ ಸುರುಳಿಯಾಗಿ ಬಿಗಿದರೆ ರಕ್ತದ ಹರಿವಿಗೇ ಅಡ್ಡಿ. ಗಾಳಿ ತುಂಬಿ ಬಿಟ್ಟು ಮೀನಖಂಡವನ್ನು ಒತ್ತುವ ಯಂತ್ರ ಇದಕ್ಕಿಂತ ಉತ್ತಮ. ರಕ್ತಸ್ರಾವದ ಭಯವಿರುವವರಿಗೆ ಅದೇ ಮುಖ್ಯ ಆಸರೆ. ಆದರೆ ಅದನ್ನು ಅರಿವಳಿಕೆ ಕೊಡುವ ಮುಂಚೆಯೇ ಕಟ್ಟಿ, ರೋಗಿ ಚೆನ್ನಾಗಿ ನಡೆದಾಡುವವರೆಗೂ ಇಟ್ಟಿರಬೇಕು. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಕಟ್ಟಿ ವಾರ್ಡಿಗೆ ಬರುವಾಗ ಬಿಚ್ಚಿಡುವುದರಿಂದ ಪ್ರಯೋಜನ ಕಡಿಮೆ.

ಕ್ಯಾನ್ಸರ್ ಇದ್ದಾಗ

ಅಂಡಾಶಯದ ಕ್ಯಾನ್ಸರ್‌ನಲ್ಲಿ ಹೆಪ್ಪಿನ ಕಾಟ ಬೇರೆಯೇ ಮಟ್ಟದ್ದು. ಕೆಲವರಲ್ಲಿ ಕ್ಯಾನ್ಸರ್ ಪತ್ತೆಯಾಗುವ ಮುಂಚೆಯೇ ಕಾಲು ಊದಿಕೊಳ್ಳುತ್ತದೆ, 'ಕ್ಲಿಯರ್ ಸೆಲ್' ಬಗೆಯಲ್ಲಿ ಇದು ಇನ್ನೂ ಹೆಚ್ಚು. ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಆದವರಿಗೆ ಎನಾಕ್ಸಪರಿನ್ ಅನ್ನು ಒಂದು ವಾರಕ್ಕೆ ನಿಲ್ಲಿಸುವ ಬದಲು ನಾಲ್ಕು ವಾರ ಕೊಟ್ಟಾಗ ಹೆಪ್ಪಿನ ಪ್ರಮಾಣ 12 ಪ್ರತಿಶತದಿಂದ 4.8 ಪ್ರತಿಶತಕ್ಕೆ ಇಳಿದದ್ದು 2002ರಷ್ಟು ಹಿಂದೆಯೇ ಸಾಬೀತಾಯಿತು. ಹೀಗಾಗಿ 28 ದಿನಗಳ ತಡೆ ಈಗ ಅಂತರರಾಷ್ಟ್ರೀಯ ಮಾರ್ಗಸೂಚಿಗಳ ಒಪ್ಪಿತ ಮಾತು.

ದಿನವೂ ಹೊಟ್ಟೆಗೆ ಚುಚ್ಚಿಕೊಳ್ಳುವ ಕಷ್ಟಕ್ಕೆ ಪರ್ಯಾಯವಾಗಿ ಮಾತ್ರೆಯೂ ಬಂದಿದೆ. 2020ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಸ್ತ್ರೀರೋಗ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಒಳಗಾದ 400 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ ಎರಡು ಬಾರಿ 2.5 ಮಿಲಿಗ್ರಾಂ ಅಪಿಕ್ಸಬಾನ್ ಮಾತ್ರೆ, ಉಳಿದವರಿಗೆ ಎನಾಕ್ಸಪರಿನ್ ಇಂಜೆಕ್ಷನ್ ಕೊಟ್ಟರು. ದೊಡ್ಡ ರಕ್ತಸ್ರಾವ ಎರಡೂ ಗುಂಪಿನಲ್ಲಿ 0.5 ಪ್ರತಿಶತ, ಹೆಪ್ಪು ಕ್ರಮವಾಗಿ 1 ಮತ್ತು 1.5 ಪ್ರತಿಶತ. ಇಷ್ಟು ಚಿಕ್ಕ ಪ್ರಯೋಗದಿಂದ ಯಾವುದು ಮೇಲು ಎಂದು ತೀರ್ಪು ಕೊಡಲಾಗದು. ಆದರೆ ಹಳ್ಳಿಯಲ್ಲಿ ಇಂಜೆಕ್ಷನ್ ಕೊಡುವವರಿಗಾಗಿ ದಿನವೂ ಪರದಾಡುವ ರೋಗಿಗೆ, ನಿಜವಾಗಿಯೂ ನುಂಗಬಲ್ಲ ಮಾತ್ರೆಯೇ ಒಳ್ಳೆಯ ಔಷಧ ಎಂದು ವಾದಿಸಲು ಅದು ಸಾಕು. ಅಪಿಕ್ಸಬಾನ್ ಈಗ ನಮ್ಮಲ್ಲಿ ಜೆನೆರಿಕ್ ರೂಪದಲ್ಲೂ ಸಿಗುತ್ತದೆ.

ಅಡಚಣೆ ಇರುವುದು ಹಣದ ವ್ಯವಸ್ಥೆಯಲ್ಲಿ. ಆಯುಷ್ಮಾನ್ ಭಾರತ್ ಯೋಜನೆಯ ನಿಯಮದಂತೆ ಬಿಡುಗಡೆಯ ನಂತರದ ಔಷಧದ ವೆಚ್ಚ 15 ದಿನಗಳಿಗೆ ಸೇರಿದೆ. ವೈದ್ಯಕೀಯ ಅಗತ್ಯ 28 ದಿನಗಳದು. ಆಸ್ಪತ್ರೆಯಲ್ಲಿ ಕಳೆದ ದಿನಗಳನ್ನು ಕಳೆದರೂ ಕೊನೆಯ ವಾರದ ಖರ್ಚು ರೋಗಿಯ ಮೇಲೆಯೇ ಬೀಳುತ್ತದೆ, ಕೂಲಿ ಮಾಡುವ ಮನೆಯವರು ಆಗ ಔಷಧ ನಿಲ್ಲಿಸುತ್ತಾರೆ. ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ಪ್ಯಾಕೇಜುಗಳಿಗಾದರೂ ಈ ಅವಧಿಯನ್ನು 28 ದಿನಗಳಿಗೆ ಏರಿಸುವುದು ದೊಡ್ಡ ಆರ್ಥಿಕ ಹೊರೆಯಾಗದು.

ಮನೆಯ ಪಥ್ಯ

ಶಸ್ತ್ರಚಿಕಿತ್ಸೆಯಾದ ಹೆಣ್ಣಿಗೆ ಮನೆಯವರು ತೋರಿಸುವ ಅಕ್ಕರೆ ಬಹಳಷ್ಟು ಸಲ ಹೆಪ್ಪಿಗೆ ಅನುಕೂಲ ಮಾಡಿಕೊಡುತ್ತದೆ. ಎದ್ದರೆ ಹೊಲಿಗೆ ಬಿಚ್ಚಿಕೊಳ್ಳುತ್ತದೆ ಎಂದು ಮಲಗಿಸಿಯೇ ಇಡುತ್ತಾರೆ. ನೀರು ಕುಡಿದರೆ ಹೊಲಿಗೆ ಕೀವಾಗುತ್ತದೆ ಎಂದು ಬಾಣಂತಿಗೆ ಮಾಡುವಂತೆಯೇ ನೀರು ಕಡಿಮೆ ಮಾಡುತ್ತಾರೆ. ಕಾಲು ನೋವು ಎಂದಾಗ ಬಿಸಿ ಎಣ್ಣೆ ಹಚ್ಚಿ ಮೀನಖಂಡವನ್ನು ನೀವುತ್ತಾರೆ. ಮೊದಲಿನೆರಡು ರಕ್ತದ ಹರಿವನ್ನು ಕುಗ್ಗಿಸುತ್ತವೆ. ಮೂರನೆಯದು ಒಳಗೆ ಹೆಪ್ಪು ಇದ್ದರೆ ಅದನ್ನು ಕಳಚಿಸಿಬಿಡಬಹುದು. ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ ಅದನ್ನು ನೀವಲೇಬಾರದು, ಅದೇ ದಿನ ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸಬೇಕು. ಊತ ಎಡಗಾಲಿನಲ್ಲಿ ಕಾಣಿಸುವುದು ಹೆಚ್ಚು. ಎಡಗಡೆಯ ದೊಡ್ಡ ಅಭಿಧಮನಿಯನ್ನು ಕಿಬ್ಬೊಟ್ಟೆಯಲ್ಲಿ ಬಲಗಡೆಯ ಅಪಧಮನಿಯೊಂದು ದಾಟಿ ಹೋಗುವಾಗ ಅದುಮುವುದು ಇದಕ್ಕೆ ಕಾರಣ. ಹೆಪ್ಪು ಕಿಬ್ಬೊಟ್ಟೆಯಲ್ಲೇ ಇದ್ದರೆ ಕಾಲು ಊದದೆಯೂ ಇರಬಹುದು. ಹಠಾತ್ ಏದುಸಿರು, ಉಸಿರೆಳೆದರೆ ಚುಚ್ಚುವ ಎದೆನೋವು, ಕೆಮ್ಮಿದಾಗ ರಕ್ತ, ತಲೆಸುತ್ತಿ ಬೀಳುವುದು ಇವುಗಳನ್ನು ಗ್ಯಾಸ್ ಎಂದೋ ನಿಶ್ಶಕ್ತಿ ಎಂದೋ ತಳ್ಳಿಹಾಕಬಾರದು. ತಡಮಾಡದೆ 108ಕ್ಕೆ ಕರೆ ಮಾಡಿ, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆಗಿದೆ ಎಂಬುದನ್ನು ಮೊದಲು ಹೇಳಬೇಕು.

ಬೆಂಗಳೂರಿನಲ್ಲಿ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ರಾತ್ರಿ ಬಸ್ಸಿನಲ್ಲಿ ಬೀದರಿಗೋ ರಾಯಚೂರಿಗೋ ಹಿಂದಿರುಗುವವರದು ಇನ್ನೊಂದು ಕಷ್ಟ. ಇಡೀ ರಾತ್ರಿ ಕಾಲು ಇಳಿಬಿಟ್ಟು ಕೂರುವ ಪ್ರಯಾಣವದು. ಆ ದಿನದ ಡೋಸ್ ತಪ್ಪಿಸದೆ, ಬಸ್ ನಿಂತಾಗಲೆಲ್ಲ ಇಳಿದು ನಡೆದಾಡಿ, ಕೂತಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು ಎಂದು ಬಿಡುಗಡೆಯ ವೇಳೆ ಹೇಳುವವರು ಬೇಕು.

ಶಸ್ತ್ರಚಿಕಿತ್ಸೆಯೇ ಬೇಕೇ ಎಂಬ ಪ್ರಶ್ನೆಯೂ ತಡೆಯ ಭಾಗವೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 3ಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದಾರೆ. ಪಕ್ಕದ ಆಂಧ್ರಪ್ರದೇಶ, ತೆಲಂಗಾಣಗಳಲ್ಲಿ ಇದರ ಎರಡು ಪಟ್ಟಿಗೂ ಹೆಚ್ಚು. ಹೆಚ್ಚಿನವು ಖಾಸಗಿ ಆಸ್ಪತ್ರೆಗಳಲ್ಲಿ ಆದವು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತನ್ನಿ ಎಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಸೂಚಿಸಿತು. ಗರ್ಭಕೋಶದೊಳಗೆ ಅಳವಡಿಸುವ ಹಾರ್ಮೋನ್ ಸಾಧನದಿಂದಲೇ ಹತೋಟಿಗೆ ಬರಬಹುದಾದ ರಕ್ತಸ್ರಾವಕ್ಕೆ ಹೊಟ್ಟೆ ಕೊಯ್ಯುವುದನ್ನು ತಪ್ಪಿಸಿದರೆ ಅಷ್ಟು ಹೆಪ್ಪುಗಳೂ ತಪ್ಪಿದಂತೆ.

ಇಂಗ್ಲೆಂಡ್ 2010ರಿಂದ ಆಸ್ಪತ್ರೆಗೆ ದಾಖಲಾಗುವ ವಯಸ್ಕರಲ್ಲಿ ಕನಿಷ್ಠ 90 ಪ್ರತಿಶತ ಜನರ ಹೆಪ್ಪಿನ ಅಪಾಯವನ್ನು ಅಳೆಯಲೇಬೇಕೆಂದು ನಿಯಮ ಮಾಡಿ, ಅದನ್ನು ಆಸ್ಪತ್ರೆಗೆ ಕೊಡುವ ಹಣಕ್ಕೆ ಜೋಡಿಸಿತು. ಗುರಿ ಮುಟ್ಟಿದ ಆಸ್ಪತ್ರೆಗಳಲ್ಲಿ ಹೆಪ್ಪಿನ ಸಾವುಗಳು ಇಳಿದವು. ನಮ್ಮಲ್ಲೂ ಆಯುಷ್ಮಾನ್ ಭಾರತ್ ಯೋಜನೆಯಡಿ ಶಸ್ತ್ರಚಿಕಿತ್ಸೆಗೆ ಅನುಮತಿ ಕೋರುವಾಗ ಆಸ್ಪತ್ರೆಗಳು ಸ್ಕ್ಯಾನ್ ವರದಿ, ರಕ್ತ ಪರೀಕ್ಷೆ ಎಲ್ಲವನ್ನೂ ಲಗತ್ತಿಸುತ್ತವೆ. ಅದರ ಜೊತೆಗೆ ಅಪಾಯದ ಅಂಕ, ಕೊಡುವ ಔಷಧ, ಅದು ಮುಗಿಯುವ ದಿನಾಂಕ ಬರೆದ ಒಂದು ಹಾಳೆಯನ್ನು ಕಡ್ಡಾಯ ಮಾಡಲು ಹೊಸ ಕಾನೂನು ಬೇಕಿಲ್ಲ, ಒಂದು ಸುತ್ತೋಲೆ ಸಾಕು.

ಮನೆಯವರೆಗೆ ತಲುಪುವ ದಾರಿಯೂ ಈಗಾಗಲೇ ಇದೆ. ನವಜಾತ ಶಿಶುವಿನ ಆರೈಕೆಗಾಗಿ ಆಶಾ ಕಾರ್ಯಕರ್ತೆಯರು ಹೆರಿಗೆಯಾದ ಮನೆಗೆ 3, 7, 14, 21, 28 ಮತ್ತು 42ನೆಯ ದಿನ ಹೋಗಿಬರುತ್ತಾರೆ. ಹೆಪ್ಪಿನ ಅಪಾಯದ ಕಾಲಕ್ಕೂ ಈ ದಿನಗಳೇ ಸರಿಹೊಂದುತ್ತವೆ. ಗರ್ಭಕೋಶ ತೆಗೆಸಿಕೊಂಡ ಮಹಿಳೆಯ ಮನೆಗೆ ಅಂತಹ ಭೇಟಿ ಇಲ್ಲ. ಅಂಕ 5 ಮುಟ್ಟಿದವರ ಹೆಸರುಗಳನ್ನು ಆಸ್ಪತ್ರೆಗಳು ಆಯಾ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿ, ಅದಕ್ಕೆ ತಕ್ಕ ಗೌರವಧನದೊಂದಿಗೆ 14, 21 ಮತ್ತು 28ನೆಯ ದಿನದ ಭೇಟಿಗಳನ್ನು ಆಶಾ ಕಾರ್ಯಕರ್ತೆಯರ ಪಟ್ಟಿಗೆ ಸೇರಿಸಬೇಕು. ಅವರು ನೋಡಬೇಕಾದದ್ದು ನಾಲ್ಕೇ ಸಂಗತಿ: ಔಷಧ ಮುಂದುವರಿದಿದೆಯೇ, ಆಕೆ ಎದ್ದು ಓಡಾಡುತ್ತಿದ್ದಾರೆಯೇ, ಕಾಲುಗಳೆರಡೂ ಒಂದೇ ದಪ್ಪ ಇವೆಯೇ, ಉಸಿರಾಟ ಸರಾಗವಾಗಿದೆಯೇ.